ನಿಮಗಿದು ಗೊತ್ತೆ? ತೋಳಿನ ಸೆನ್ಸರ್ ಅಳೆಯುವುದು ರಕ್ತವನ್ನಲ್ಲ!

● ಮಧುಮೇಹಿಗಳು ತೋಳಿಗೆ ಅಂಟಿಸಿಕೊಳ್ಳುವ ಸಿಜಿಎಂ (ನಿರಂತರ ಗ್ಲೂಕೋಸ್ ಮಾಪನ) ಸೆನ್ಸರ್ ರಕ್ತದ ಸಕ್ಕರೆಯನ್ನು ನೇರವಾಗಿ ಅಳೆಯುವುದಿಲ್ಲ. ಚರ್ಮದಡಿ, ಜೀವಕೋಶಗಳ ನಡುವಿನ ದ್ರವದಲ್ಲಿರುವ ಗ್ಲೂಕೋಸನ್ನು ಅಳೆಯುತ್ತದೆ.

● ರಕ್ತದಿಂದ ಆ ದ್ರವಕ್ಕೆ ಗ್ಲೂಕೋಸ್ ಸೇರಲು ಕೆಲವು ನಿಮಿಷ ಬೇಕು. ಹಾಗಾಗಿ ಊಟ, ವ್ಯಾಯಾಮದ ಬಳಿಕ ಸಕ್ಕರೆ ಬೇಗ ಏರಿಳಿಯುವಾಗ ಗ್ಲುಕೋಮೀಟರ್ ಅಂಕಿಗೂ ಸೆನ್ಸರ್ ಅಂಕಿಗೂ ವ್ಯತ್ಯಾಸ ಸಹಜ.

● ನಿಖರತೆಯ ಮುಖ್ಯ ಅಳತೆಗೋಲು ‘ಮಾರ್ಡ್’. ಲ್ಯಾಬ್‌ನಲ್ಲಿ 200 ಬಂದಾಗ ಸೆನ್ಸರ್ 180 ಅಥವಾ 220 ತೋರಿಸಿದರೆ ವ್ಯತ್ಯಾಸ ಶೇ 10. ಇಂಥ ಅನೇಕ ಹೋಲಿಕೆಗಳ ಸರಾಸರಿಯೇ ಮಾರ್ಡ್. ಅದು ಕಡಿಮೆಯಿದ್ದಷ್ಟೂ ಒಳ್ಳೆಯದು.

● ಸರಾಸರಿಯೊಂದೇ ಸಾಲದು. ತಪ್ಪು ಅಂಕಿ ನಂಬಿದರೆ ಚಿಕಿತ್ಸೆ ಎಷ್ಟು ದಾರಿ ತಪ್ಪೀತು ಎಂಬುದನ್ನು 1987ರಲ್ಲಿ ಪ್ರಕಟವಾದ ‘ಕ್ಲಾರ್ಕ್ ಎರರ್ ಗ್ರಿಡ್’ ಐದು ವಲಯಗಳಲ್ಲಿ ಗುರುತಿಸುತ್ತದೆ. ‘ಎ’ ಅತ್ಯಂತ ಸುರಕ್ಷಿತ, ‘ಇ’ ಅತ್ಯಂತ ಅಪಾಯಕಾರಿ.

● ಸೆನ್ಸರ್ ಇರುವ ಮಗ್ಗುಲಿಗೇ ಮಲಗಿದರೆ ಒತ್ತಡದಿಂದ ಅಂಕಿ ಸುಳ್ಳೇ ಇಳಿಯಬಹುದು. ಕೆಲವು ಸೆನ್ಸರ್‌ಗಳಲ್ಲಿ ಪ್ಯಾರಸಿಟಮಾಲ್, ಇನ್ನು ಕೆಲವುಗಳಲ್ಲಿ ಹೆಚ್ಚಿನ ವಿಟಮಿನ್ ಸಿ ಅಂಕಿಯನ್ನು ಏರಿಸುತ್ತದೆ.

● ಬೆವರು, ನಡುಕವಿದ್ದೂ ಸೆನ್ಸರ್ ‘ಎಲ್ಲ ಸರಿ’ ಎಂದರೆ ತಡಮಾಡದೆ ಬೆರಳು ಚುಚ್ಚಿ ಪರೀಕ್ಷಿಸಿಕೊಳ್ಳಿ.