ಪೆಟ್ಟಿಗೆ ಸತ್ತರೂ ಬರಹ ಬದುಕಿರುತ್ತದೆ

ಜೂನ್ ತಿಂಗಳ ಮೊದಲ ಮಳೆ ಬಿದ್ದೊಡನೆ ನಮ್ಮ ಡೊಂಬಿವಲಿ, ಕಲ್ಯಾಣ್ ಕಡೆಯ ಬಿಲ್ಡಿಂಗುಗಳಲ್ಲಿ ಒಂದು ಕೂಗು ಕೇಳಿಬರುತ್ತದೆ: "ಲೈಟ್ ಗೇಲಿ!" ಮಂಗಳೂರು ಕಡೆಯವರಿರಲಿ, ಧಾರವಾಡದ ಕಡೆಯವರಿರಲಿ, ಈ ಒಂದು ಮಾತನ್ನು ಮಾತ್ರ ನಾವೆಲ್ಲ ಮರಾಠಿಯಲ್ಲೇ ಕೂಗುತ್ತೇವೆ. ಕರೆಂಟು ಹೋಗುವುದನ್ನು ಹೇಗೋ ಸಹಿಸಿಕೊಳ್ಳಬಹುದು. ಅದು ಮರಳಿ ಬರುವ ರೀತಿಯೇ ಅಪಾಯದ್ದು. ಒಮ್ಮೆಲೇ ಬಂದು, ಮತ್ತೆ ಹೋಗಿ, ಇನ್ನೊಮ್ಮೆ ಜೋರಾಗಿ ಬಂದಾಗ ಮನೆಯ ಮೂಲೆಯ ಕಂಪ್ಯೂಟರು ಮೌನ ಹಿಡಿಯುತ್ತದೆ. ಗುಂಡಿ ಒತ್ತಿದರೆ ದೀಪವಿಲ್ಲ, ಫ್ಯಾನಿನ ಸದ್ದಿಲ್ಲ.

ಯುವ ಮಿತ್ರರೇ, ನಿಮ್ಮ ಕೈಯಲ್ಲಿ ಲ್ಯಾಪ್‌ಟಾಪು, ಮೊಬೈಲು ಇರಬಹುದು. ಆದರೆ ಅನೇಕ ಮನೆಗಳಲ್ಲಿ ಹಳೆಯ ಡೆಸ್ಕ್‌ಟಾಪ್ ಇನ್ನೂ ಉಳಿದಿದೆ. ಅಪ್ಪನ ಲೆಕ್ಕಪತ್ರ, ಅಕ್ಕನ ಮದುವೆಯ ಫೋಟೋ, ಸಂಘದಲ್ಲಿ ಆಡಿದ ನಾಟಕದ ಪ್ರತಿ ಎಲ್ಲವೂ ಅದರ ಹೊಟ್ಟೆಯಲ್ಲೇ. ಆದ್ದರಿಂದ ಅದು ಕೆಟ್ಟಾಗ ಏನು ಮಾಡಬೇಕೆಂಬುದನ್ನು ಒಬ್ಬ ಗೃಹಿಣಿಯ ಮಾತಿನಲ್ಲಿ, ಅಡುಗೆಯ ಕ್ರಮದ ಹಾಗೆ ಒಂದೊಂದಾಗಿ ಹೇಳುತ್ತೇನೆ.

ನಮ್ಮ ಪ್ರದೇಶಕ್ಕೂ ವಿದ್ಯುತ್ತಿಗೂ ಹಳೆಯ ನಂಟು. ಠಾಕುರ್ಲಿಯ ಚೋಳಾ ಪವರ್‌ಹೌಸ್ ರೈಲು ಓಡಿಸುವುದಕ್ಕೆಂದೇ ರೈಲ್ವೆಯವರು ಕಟ್ಟಿದ್ದು. ರಾಜ್ಯ ವಿದ್ಯುತ್ ಮಂಡಳಿ 2005ರಲ್ಲಿ ಒಡೆದು ಮಹಾವಿತರಣ ಕಂಪೆನಿ ಬಂತು. ಅದೇ ಹೊತ್ತಿನಿಂದ ಕೆಲವು ವರ್ಷ 'ಭಾರನಿಯಮನ'ದ ಕಾಲ. ಗಂಟೆಗಟ್ಟಲೆ ಕರೆಂಟಿಲ್ಲದೆ ಕುಳಿತ ನೆನಪು ನಿಮ್ಮ ಅಪ್ಪ ಅಮ್ಮಂದಿರಿಗೆ ಚೆನ್ನಾಗಿದೆ. 2020ರ ಅಕ್ಟೋಬರ್ 12ರ ಬೆಳಿಗ್ಗೆ 10 ಗಂಟೆಯ ಸುಮಾರಿಗೆ ಕಳ್ವಾ ಮತ್ತು ಪಡಘಾ ನಡುವಿನ 400 ಕಿಲೋವೋಲ್ಟ್ ಮಾರ್ಗಗಳು ಕೈಕೊಟ್ಟಾಗ ಮುಂಬಯಿ, ಥಾಣೆ, ನವಿ ಮುಂಬಯಿ ಒಟ್ಟಿಗೇ ಸ್ತಬ್ಧವಾದುವು. ಲೋಕಲ್ ಗಾಡಿಗಳು ನಿಂತವು, ಅಂದಿನ ಆನ್‌ಲೈನ್ ಪರೀಕ್ಷೆಗಳನ್ನು ಮುಂದೂಡಬೇಕಾಯಿತು.

ಆದರೆ ಕಂಪ್ಯೂಟರನ್ನು ಹೆಚ್ಚಾಗಿ ಕೊಲ್ಲುವುದು ಇಂಥ ದೊಡ್ಡ ಕತ್ತಲೆಯಲ್ಲ. ನಮ್ಮದೇ ಬಿಲ್ಡಿಂಗಿನ ಮೀಟರ್ ಕೋಣೆಯಲ್ಲಿ ಸಡಿಲಾದ 'ನ್ಯೂಟ್ರಲ್' ತಂತಿ ಅದಕ್ಕಿಂತ ಕ್ರೂರ. ಬಿಲ್ಡಿಂಗಿಗೆ ಮೂರು ಫೇಸು ಬರುತ್ತವೆ. ಪ್ರತಿ ಮನೆಗೂ ಒಂದು ಫೇಸು, ಜೊತೆಗೆ ಎಲ್ಲರಿಗೂ ಸೇರಿದ ನ್ಯೂಟ್ರಲ್. ಅದು ಕಡಿದರೆ 230 ವೋಲ್ಟ್ ಇರಬೇಕಾದಲ್ಲಿ ಒಂದು ಮನೆಗೆ 300ಕ್ಕೂ ಮೀರಿ, ಇನ್ನೊಂದು ಮನೆಗೆ ತೀರ ಕಡಿಮೆ ಬರಬಹುದು. ಒಂದು ದೀಪ ಅತಿಯಾಗಿ ಉರಿದು ಇನ್ನೊಂದು ಮಂಕಾದರೆ, ಫ್ಯಾನು ಹುಚ್ಚು ಹಿಡಿದಂತೆ ತಿರುಗಿದರೆ, ಮೊದಲು ಮೇನ್ ಸ್ವಿಚ್ ಆರಿಸಿ, ಪಕ್ಕದವರಿಗೂ ಹೇಳಿ, ಎಲೆಕ್ಟ್ರೀಶಿಯನ್ನನ್ನು ಕರೆಯಿರಿ. ಕಂಪ್ಯೂಟರಿನ ಚಿಂತೆ ಆಮೇಲೆ.

ಈಗ ಒಳಗಿನ ಕತೆ. ನಮ್ಮ ಲೋಕಲ್ ಗಾಡಿಗೆ ಮೇಲಿನ ತಂತಿಯಲ್ಲಿ ಹಿಂದೆ 1500 ವೋಲ್ಟ್ ಡಿ.ಸಿ. ಇತ್ತು; ಮಧ್ಯ ರೈಲ್ವೆಯ ಮುಖ್ಯ ಮಾರ್ಗ 2015ರ ಹೊತ್ತಿಗೆ 25,000 ವೋಲ್ಟ್ ಎ.ಸಿ.ಗೆ ಬದಲಾಯಿತು. ಅಷ್ಟನ್ನು ನೇರವಾಗಿ ಮೋಟಾರಿಗೆ ಕೊಟ್ಟರೆ ಸುಟ್ಟುಹೋಗುತ್ತದೆ; ಗಾಡಿಯಲ್ಲೇ ಇಳಿಸಿಕೊಳ್ಳುವ ಏರ್ಪಾಡು ಇದೆ. ಕಂಪ್ಯೂಟರಿನಲ್ಲಿ ಆ ಕೆಲಸ ಮಾಡುವುದು ಹಿಂಬದಿಯ ಕಬ್ಬಿಣದ ಡಬ್ಬಿ, ಎಸ್‌ಎಂಪಿಎಸ್. ಅದು ಗೋಡೆಯ 230 ವೋಲ್ಟನ್ನು 12, 5 ಮತ್ತು 3.3 ವೋಲ್ಟಾಗಿ ಇಳಿಸಿ ಒಳಗಿನ ಭಾಗಗಳಿಗೆ ಬಡಿಸುತ್ತದೆ. ಹೊರಗಿನ ಪೆಟ್ಟು ಮೊದಲು ಬೀಳುವುದು ಅದರ ಮೇಲೆಯೇ. ಎಷ್ಟೋ ಸಲ ಅದೊಂದೇ ಸತ್ತು ಉಳಿದವರನ್ನು ಕಾಪಾಡಿರುತ್ತದೆ.

ಒಂದು ಎಚ್ಚರಿಕೆ: ಆ ಡಬ್ಬಿಯನ್ನು ಬಿಚ್ಚಬೇಡಿ. 230 ವೋಲ್ಟ್ ಎ.ಸಿ. ಒಳಗೆ ಸುಮಾರು 325 ವೋಲ್ಟ್ ಡಿ.ಸಿ. ಆಗಿ ಕೆಪಾಸಿಟರಿನಲ್ಲಿ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಕೆಲಕಾಲ ಉಳಿಯಬಹುದು. ಅದರ ಹೊರಗೆ ನಾವು ಮಾಡಬಹುದಾದ ಕೆಲಸ ಬೇಕಾದಷ್ಟಿದೆ.

ಮೊದಲನೆಯದು, ಮೂಗು. ಸುಟ್ಟ ವಾಸನೆ ಬಂದರೆ ಮತ್ತೆ ಮತ್ತೆ ಗುಂಡಿ ಒತ್ತಬೇಡಿ, ಪ್ಲಗ್ ಕೀಳಿ. ವಾಸನೆ ಇಲ್ಲವೆಂದರೆ ಅದೇ ಸಾಕೆಟ್ಟಿಗೆ ಟೇಬಲ್ ಲ್ಯಾಂಪ್ ಹಾಕಿ ನೋಡಿ. ಲ್ಯಾಂಪ್ ಉರಿಯದಿದ್ದರೆ ತಪ್ಪು ಸಾಕೆಟ್ಟಿನದೋ ಸ್ಪೈಕ್‌ಗಾರ್ಡಿನದೋ ಆಗಿರುತ್ತದೆ. ಡಬ್ಬಿಯ ಹಿಂದಿನ ಸಣ್ಣ ಸ್ವಿಚ್ಚು ಆನ್ ಇದೆಯೇ, ಕೇಬಲ್ ಸಡಿಲಾಗಿದೆಯೇ ನೋಡಿ. ಹಳೆಯ ಡಬ್ಬಿಗಳಲ್ಲಿ 115 ಮತ್ತು 230 ಎಂಬ ಕೆಂಪು ಜಾರುಗುಂಡಿ ಇರುತ್ತದೆ. ನಮ್ಮ ದೇಶದಲ್ಲಿ ಅದು 230ರಲ್ಲೇ ಇರಬೇಕು.

ಎರಡನೆಯದು, ವಿಶ್ರಾಂತಿ. ಪ್ಲಗ್ ಕಿತ್ತು, ಪ್ರಿಂಟರು, ಪೆನ್‌ಡ್ರೈವು ಎಲ್ಲ ತೆಗೆದು, ಕಂಪ್ಯೂಟರಿನ ಗುಂಡಿಯನ್ನು ಹದಿನೈದು ಸೆಕೆಂಡು ಒತ್ತಿ ಹಿಡಿಯಿರಿ. ಸ್ವಲ್ಪ ಹೊತ್ತು ಬಿಟ್ಟು ಕೀಬೋರ್ಡು, ಮಾನಿಟರು ಮಾತ್ರ ಜೋಡಿಸಿ ಮತ್ತೆ ಹಚ್ಚಿ. ಎಷ್ಟೋ ಯಂತ್ರಗಳು ಇಷ್ಟಕ್ಕೇ ಎದ್ದು ಕೂರುತ್ತವೆ.

ಮೂರನೆಯದು, ಲಕ್ಷಣ ಓದುವುದು. ಫ್ಯಾನು ಒಂದು ಕ್ಷಣ ತಿರುಗಿ ನಿಂತರೆ ಎಲ್ಲೋ ಶಾರ್ಟ್ ಆಗಿ ಡಬ್ಬಿ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಿರಬಹುದು. ಫ್ಯಾನು ತಿರುಗಿಯೂ ಚಿತ್ರ ಬಾರದಿದ್ದರೆ ಮಾನಿಟರಿನ ಕೇಬಲ್ ನೋಡಿ. ಪ್ಲಗ್ ಕಿತ್ತು ರ‍್ಯಾಮ್ ಪಟ್ಟಿಯನ್ನು ತೆಗೆದು ಮತ್ತೆ ಗಟ್ಟಿಯಾಗಿ ಕೂರಿಸಿ. ಮದರ್‌ಬೋರ್ಡಿನ ಕೆಪಾಸಿಟರುಗಳ ತಲೆ ಪೂರಿಯಂತೆ ಉಬ್ಬಿದ್ದರೆ ತಪ್ಪು ಅಲ್ಲಿಯೂ ಇದೆ. ಯಂತ್ರ ಎದ್ದೂ ದಿನಾಂಕ ಹಿಂದಿನ ಯಾವುದೋ ವರ್ಷ ತೋರಿಸಿದರೆ ಬೋರ್ಡಿನ ಮೇಲಿನ ಬಿಲ್ಲೆಯಂಥ ಸಿಆರ್2032 ಸೆಲ್ ಮುಗಿದಿದೆ ಎಂದರ್ಥ. ಅದನ್ನು ಬದಲಿಸುವುದು ಗಡಿಯಾರದ ಸೆಲ್ ಹಾಕಿದಷ್ಟೇ ಸುಲಭ.

ನಾಲ್ಕನೆಯದು, ಡಬ್ಬಿಯ ಪರೀಕ್ಷೆ. ಇದನ್ನು ತಿಳಿದವರ ಜೊತೆಯಲ್ಲೇ ಮಾಡಿ. ಪ್ಲಗ್ ಕಿತ್ತು, ಡಬ್ಬಿಯಿಂದ ಬರುವ ಎಲ್ಲ ತಂತಿಗಳನ್ನು ಒಳಭಾಗಗಳಿಂದ ಬಿಡಿಸಿ. 24 ತೂತಿನ ದೊಡ್ಡ ಕನೆಕ್ಟರಿನಲ್ಲಿ ಹಸಿರು ತಂತಿಯನ್ನೂ ಯಾವುದಾದರೊಂದು ಕಪ್ಪು ತಂತಿಯನ್ನೂ ಪೇಪರ್ ಕ್ಲಿಪ್ಪಿನಿಂದ ಜೋಡಿಸಿ. ಆಮೇಲೆ ಪ್ಲಗ್ ಹಾಕಿದರೆ ಡಬ್ಬಿಯ ಫ್ಯಾನು ತಿರುಗಬೇಕು. ತಿರುಗಿದ ಮಾತ್ರಕ್ಕೆ ಡಬ್ಬಿ ಆರೋಗ್ಯವಾಗಿದೆ ಎಂದಲ್ಲ. ಮಲ್ಟಿಮೀಟರಿನಲ್ಲಿ ಹಳದಿ ತಂತಿ 11.4ರಿಂದ 12.6, ಕೆಂಪು ತಂತಿ 4.75ರಿಂದ 5.25 ವೋಲ್ಟಿನೊಳಗೆ ಇರಬೇಕು. ಕೆಲವು ಕಂಪೆನಿಗಳ ಸಿದ್ಧ ಯಂತ್ರಗಳಲ್ಲಿ ಜೋಡಣೆಯೇ ಬೇರೆ. ಅಲ್ಲಿ ಈ ಪ್ರಯೋಗ ಬೇಡ.

ಡಬ್ಬಿ ಸತ್ತದ್ದು ಖಚಿತವಾದರೆ ಹೊಸದು ತರಬೇಕು. ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ಎಲ್ಲ ಬಗೆಯದೂ ಸಿಗುತ್ತದೆ. ಮೇಲೆ ದೊಡ್ಡದಾಗಿ ಬರೆದ 'ವ್ಯಾಟ್' ನೋಡಿ ಮರುಳಾಗಬೇಡಿ. ಚೀಟಿಯಲ್ಲಿ 12 ವೋಲ್ಟಿನ ಎದುರು ಎಷ್ಟು ಆಂಪಿಯರ್ ಇದೆ ನೋಡಿ ಗುಣಿಸಿ. 18 ಆಂಪಿಯರ್ ಇದ್ದರೆ ಆ ಸಾಲಿನಲ್ಲಿ ಸಿಗುವುದು 216 ವ್ಯಾಟ್ ಮಾತ್ರ. ತಂತಿಗಳನ್ನು ಬಿಚ್ಚಬಹುದಾದ ಡಬ್ಬಿಯಾದರೆ ಹಳೆಯದರ ತಂತಿಗಳನ್ನು ಹೊಸದಕ್ಕೆ ಹಾಕಬೇಡಿ. ತುದಿ ಒಂದೇ ರೀತಿ ಕಂಡರೂ ಒಳಗಿನ ಕ್ರಮ ಬೇರೆಯಿದ್ದು ಡಿಸ್ಕ್ ಸುಟ್ಟುಹೋಗಬಹುದು.

ಇಷ್ಟೆಲ್ಲ ಯಾಕೆ, ಅಂಗಡಿಗೆ ಕೊಟ್ಟರಾಯಿತಲ್ಲ ಎನ್ನುತ್ತೀರಾ? ನಮ್ಮ ಪಕ್ಕದ ವಿಂಗಿನಲ್ಲಿ ಒಬ್ಬ ಹಿರಿಯರಿದ್ದರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಹಠ ಹಿಡಿದು 'ನುಡಿ'ಯಲ್ಲಿ ಟೈಪ್ ಮಾಡಲು ಕಲಿತು, ತಮ್ಮ ಊರಿನ ನೆನಪುಗಳನ್ನು ದಿನಕ್ಕೆ ಒಂದು ಪುಟದಂತೆ ಬರೆಯುತ್ತಿದ್ದರು. ಅವರು ತೀರಿಕೊಂಡ ಕೆಲವೇ ತಿಂಗಳಿಗೆ ಬಿಲ್ಡಿಂಗಿನ ನ್ಯೂಟ್ರಲ್ ಕಡಿದು ಕಂಪ್ಯೂಟರು ನಿಂತಿತು. ರಿಪೇರಿಯವನು ಒಂದು ನಿಮಿಷ ನೋಡಿ, "ಸಬ್ ಗಯಾ ಆಂಟೀ, ಹೊಸದು ತಗೊಳ್ಳಿ, ಇದನ್ನು ನಾನೇ ಒಯ್ಯುತ್ತೇನೆ" ಎಂದ. ಅವರ ಹೆಂಡತಿ ಕೊಡಲು ಒಪ್ಪಿಯೂ ಬಿಟ್ಟಿದ್ದರು. ಕಾಲೇಜಿನಿಂದ ಬಂದ ಮೊಮ್ಮಗಳು ಮಾತ್ರ, "ಅಜ್ಜಿ, ಪೆಟ್ಟಿಗೆ ಬೇಕಾದರೆ ಕೊಡು, ಡಿಸ್ಕ್ ಕೊಡಬೇಡ" ಎಂದಳು.

ಹುಡುಗಿ ಮಾಡಿದ್ದು ದೊಡ್ಡ ವಿದ್ಯೆಯೇನಲ್ಲ. ನಾಲ್ಕು ಸ್ಕ್ರೂ ತೆಗೆದು ಹಾರ್ಡ್ ಡಿಸ್ಕನ್ನು ಹೊರತೆಗೆದಳು; ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ತಂದು ತನ್ನ ಲ್ಯಾಪ್‌ಟಾಪಿಗೆ ಹಚ್ಚಿದಳು. ಡೆಸ್ಕ್‌ಟಾಪಿನ ದೊಡ್ಡ ಡಿಸ್ಕಿಗೆ 12 ವೋಲ್ಟಿನ ಪ್ರತ್ಯೇಕ ವಿದ್ಯುತ್ ಬೇಕು, ಅಂಥ ಅಡಾಪ್ಟರನ್ನೇ ಕೇಳಿ ತರಬೇಕು. ಫೈಲುಗಳೆಲ್ಲ ಇದ್ದವು. ತೆರೆದರೆ ಕನ್ನಡವೇ ಇಲ್ಲ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! ಹಾಳಾಯಿತೆಂದು ಎಲ್ಲರೂ ಕೈಚೆಲ್ಲಿದರು. ಹಾಳಾಗಿರಲಿಲ್ಲ. ಹಿಂದಿನ ನುಡಿ, ಬರಹಗಳಲ್ಲಿ ಟೈಪ್ ಮಾಡಿದ್ದು ಆಯಾ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತದೆ. ಫಾಂಟ್ ಹಾಕಿದೊಡನೆ ಅಜ್ಜನ ಊರು ತೆರೆದುಕೊಂಡಿತು. ಅವಳಿಗೆ ಕನ್ನಡ ಮಾತು ಬರುತ್ತದೆ, ಓದು ನಿಧಾನ. ಅಕ್ಷರ ಕೂಡಿಸಿ ಕೂಡಿಸಿ ಅವಳು ಓದಿದಳು, ತಪ್ಪಿದಲ್ಲಿ ಅಜ್ಜಿ ತಿದ್ದಿದರು. ಈಗ ಆ ಪುಟಗಳನ್ನು ಯೂನಿಕೋಡಿಗೆ ಬದಲಾಯಿಸಿ ಇಟ್ಟಿದ್ದಾಳೆ.

ಈ 'ನುಡಿ'ಯ ಕೀಲಿಮಣೆಯ ವಿನ್ಯಾಸ ಮಾಡಿದ ಕೆ.ಪಿ. ರಾವ್ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಕನ್ನಡ ಕಂಪ್ಯೂಟರಿಗೆ ಬಂದ ಕತೆಯಲ್ಲಿ ಈ ಮಹಾನಗರಕ್ಕೂ ಪಾಲಿದೆ ಎಂಬುದನ್ನು ಇಲ್ಲಿ ಬೆಳೆಯುತ್ತಿರುವ ನೀವು ತಿಳಿದಿರಬೇಕು.

ಡಿಸ್ಕ್ ಸದ್ದೇ ಮಾಡದಿದ್ದರೆ ಅಥವಾ ಕಟಕಟ ಎಂದರೆ ಅಲ್ಲಿಗೆ ನಿಲ್ಲಿಸಿ. ಅದೇ ಮಾದರಿಯ ಇನ್ನೊಂದು ಡಿಸ್ಕಿನ ಸರ್ಕ್ಯೂಟ್ ಹಾಕಿದರೆ ಸಾಲದು, ಪ್ರತಿ ಡಿಸ್ಕಿಗೂ ತನ್ನದೇ ಮಾಹಿತಿ ಆ ಸರ್ಕ್ಯೂಟಿನಲ್ಲಿರುತ್ತದೆ. ಅದು ಪರಿಣತರ ಕೆಲಸ. ಹೊಸ ವಿಂಡೋಸ್ ಯಂತ್ರಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗವಿರಬಹುದು. ಬೇರೆ ಯಂತ್ರಕ್ಕೆ ಹಚ್ಚಿದಾಗ 48 ಅಂಕಿಗಳ ಕೀಲಿ ಕೇಳುತ್ತದೆ. ಯಂತ್ರ ಚೆನ್ನಾಗಿರುವಾಗಲೇ ಅದನ್ನು ಬರೆದು ಗೋದ್ರೆಜ್ ಕಪಾಟಿನಲ್ಲಿಡಿ.

ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತಾಗಬಾರದು. ಮೂರು ಪಿನ್ನಿನ ಪ್ಲಗ್ ಇದ್ದರೆ ಸಾಲದು, ಅರ್ಥಿಂಗ್ ನಿಜವಾಗಿ ಇದೆಯೇ ಎಂದು ಎಲೆಕ್ಟ್ರೀಶಿಯನ್ನಿನಿಂದ ನೋಡಿಸಿ. ಸ್ಪೈಕ್‌ಗಾರ್ಡಿನ ಒಳಗಿನ ರಕ್ಷಣೆ ಪೆಟ್ಟು ತಿಂದು ತಿಂದು ಸವೆಯುತ್ತದೆ. ದೀಪ ಉರಿಯುತ್ತಿದೆ ಎಂದು ಹತ್ತು ವರ್ಷ ಅದನ್ನೇ ನಂಬಬೇಡಿ. ಯುಪಿಎಸ್ ಇದ್ದರೆ ಕೆಲಸ ಉಳಿಸಿ ಆರಿಸುವಷ್ಟು ಸಮಯ ಸಿಗುತ್ತದೆ. ಗುಡುಗು ಜೋರಾದಾಗ ಪ್ಲಗ್ ಜೊತೆಗೆ ಇಂಟರ್‌ನೆಟ್ ತಂತಿಯನ್ನೂ ಕೀಳಿ. ಕರೆಂಟು ಮರಳಿದೊಡನೆ ಹಚ್ಚದೆ, ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಕಾಯಿರಿ.

ಎಲ್ಲಕ್ಕಿಂತ ಮುಖ್ಯವಾದ ರಕ್ಷಣೆ ಪ್ರತಿ ಮಾಡಿಡುವುದು. ಈ ಭಾನುವಾರ ನಿಮ್ಮ ಮನೆಯ ಹಳೆಯ ಕಂಪ್ಯೂಟರಿನ ಎದುರು ಅಪ್ಪನನ್ನೋ ಅಜ್ಜನನ್ನೋ ಪಕ್ಕದ ಮನೆಯ ಮಾಮಿಯನ್ನೋ ಕೂರಿಸಿಕೊಳ್ಳಿ. ಒಳಗೆ ಏನೇನಿದೆ ಎಂದು ಕೇಳಿ, ಎರಡು ಪ್ರತಿ ಮಾಡಿ. ಒಂದು ಪ್ರತಿ ಮನೆಯ ಹೊರಗೆ ಬೇರೆ ಕಡೆ ಇರಲಿ. ಡಬ್ಬಿ ಅಂಗಡಿಯಲ್ಲಿ ಸಿಗುತ್ತದೆ. ಅವರು ಬರೆದಿಟ್ಟದ್ದು ಇನ್ನೆಲ್ಲೂ ಸಿಗುವುದಿಲ್ಲ.