ಬೀಜ ಇಲ್ಲಿಯದು, ತಳಿ ಯಾರದು?

ಜೈವಿಕ ತಂತ್ರಜ್ಞಾನವೆಂದರೆ ಬೆಂಗಳೂರಿನ ಪ್ರಯೋಗಾಲಯಗಳ ವಿಷಯವೆಂಬ ಭಾವನೆ ಸಾಮಾನ್ಯವಾಗಿದ್ದರೂ, ಆ ಉದ್ಯಮದ ಅತ್ಯಂತ ಶ್ರಮದ ಹಂತವೊಂದು ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಭಾಗದ ಹೊಲಗಳಲ್ಲಿ ನಡೆಯುತ್ತದೆ. ಜನ 'ಸೀಡ್ಸ್ ಪ್ಲಾಟ್' ಎಂದು ಕರೆಯುವ ಈ ಹೊಲಗಳಲ್ಲಿ ಟೊಮೆಟೊ, ಮೆಣಸಿನಕಾಯಿ, ಹತ್ತಿಯಂಥ ಬೆಳೆಗಳ ಹೈಬ್ರಿಡ್ ಬೀಜ ತಯಾರಾಗುತ್ತದೆ. ಗಾಳಿಯಲ್ಲಿ ತೇವ ಕಡಿಮೆಯಿರುವ ಇಲ್ಲಿನ ಒಣ ಹವೆ ಬೀಜಕ್ಕೆ ಒಗ್ಗುತ್ತದೆ.

ಗುಣಗಳಲ್ಲಿ ಸ್ಥಿರವಾದ ಎರಡು ಪೋಷಕ ತಳಿಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆಯೇ ಹೈಬ್ರಿಡ್. ಮರುದಿನ ಅರಳಲಿರುವ ಹೆಣ್ಣು ಸಾಲಿನ ಮೊಗ್ಗನ್ನು ಹಿಂದಿನ ದಿನವೇ ಬಿಡಿಸಿ ಕೇಸರಗಳನ್ನು ತೆಗೆದು, ಬೆಳಿಗ್ಗೆ ಅದರ ಶಲಾಕಾಗ್ರಕ್ಕೆ ಗಂಡು ಸಾಲಿನ ಪರಾಗವನ್ನು ಸವರುವ ಕೆಲಸಕ್ಕೆ 'ಕ್ರಾಸಿಂಗ್' ಎಂಬ ಹೆಸರಿದ್ದು, ಅದನ್ನು ಒಂದೊಂದೇ ಹೂವಿಗೆ ಕೈಯಿಂದಲೇ ಮಾಡಬೇಕಾಗುತ್ತದೆ. ಹೀಗೆ ಪಡೆದ ಬೀಜವನ್ನು ಬಿತ್ತಿದ ರೈತ ಅದೇ ಬೆಳೆಯಿಂದ ಬೀಜ ಉಳಿಸಿಕೊಂಡರೆ ಮುಂದಿನ ಪೀಳಿಗೆಯಲ್ಲಿ ಗುಣಗಳು ಚದುರಿಹೋಗುವುದರಿಂದ, ಅವನು ಪ್ರತಿ ಹಂಗಾಮಿಗೂ ಹೊಸ ಬೀಜ ಕೊಳ್ಳಬೇಕಾಗುತ್ತದೆ. ಈ ಜೈವಿಕ ಸತ್ಯವೇ ಇಡೀ ವ್ಯಾಪಾರದ ತಳಪಾಯ. ಪೋಷಕ ತಳಿಗಳು ಯಾರ ಕೈಯಲ್ಲಿವೆಯೋ ಮಾರುಕಟ್ಟೆಯೂ ಅವರ ಕೈಯಲ್ಲಿರುತ್ತದೆ.

ಮನಮೋಹನ ಅತ್ತಾವರ ಅವರು ಇದನ್ನು ಬಹಳ ಮುಂಚೆಯೇ ಅರಿತಿದ್ದರು. 1965ರಲ್ಲಿ ಅವರು ಬೆಂಗಳೂರಿನಲ್ಲಿ ಕಟ್ಟಿದ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆ 1973ರಲ್ಲಿ 'ಕರ್ನಾಟಕ' ಟೊಮೆಟೊ ಮತ್ತು 'ಭಾರತ್' ದೊಣ್ಣೆ ಮೆಣಸಿನಕಾಯಿಗಳನ್ನು ಹೊರತಂದು, ತರಕಾರಿ ಹೈಬ್ರಿಡ್‌ಗಳಿಗೆ ದೇಶದಲ್ಲಿ ವಾಣಿಜ್ಯದ ದಾರಿ ತೆರೆಯಿತು.

ಸೀಡ್ಸ್ ಪ್ಲಾಟಿನ ಒಪ್ಪಂದದಲ್ಲಿ ಕಂಪನಿ ಪೋಷಕ ಬೀಜ ಕೊಟ್ಟು, ಮೊದಲೇ ಗೊತ್ತುಪಡಿಸಿದ ದರಕ್ಕೆ ಬೀಜವನ್ನು ಮರಳಿ ಕೊಳ್ಳುತ್ತದೆ. ಬೆಳೆಗಾರ ಭೂಮಿ, ನೀರು, ಕೂಲಿಗಳನ್ನು ಹೊಂದಿಸುತ್ತಾನೆ. ಬೀಜ ಒಪ್ಪಿಸಿದ ಮೇಲೆ ಮೊಳಕೆ ಪ್ರಮಾಣದ ಪರೀಕ್ಷೆಯೂ, ಬೀಜವನ್ನು ಬಿತ್ತಿ ಬೆಳೆಸಿ ತಳಿ ಶುದ್ಧತೆ ನೋಡುವ ಪರೀಕ್ಷೆಯೂ ನಡೆಯಬೇಕಿದ್ದು, ಎರಡನೆಯದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಫಲಿತಾಂಶ ಬಾರದೆ ಪೂರ್ಣ ಹಣ ಬಾರದೆಂಬ ಷರತ್ತಿದ್ದರೆ ಆ ಕಾಲದ ಬಡ್ಡಿಯ ಹೊರೆಯೂ, ಬೀಜ ತಿರಸ್ಕೃತವಾದರೆ ಇಡೀ ನಷ್ಟವೂ ಬೆಳೆಗಾರನ ಮೇಲೆಯೇ ಬೀಳುತ್ತವೆ. ತಳಿ ತನ್ನದಲ್ಲವಾದ್ದರಿಂದ ಆ ಬೀಜವನ್ನು ಬೇರೆಡೆ ಮಾರುವ ಹಾದಿಯೂ ಅವನಿಗಿಲ್ಲ. ಒಂದು ಗ್ರಾಮಿನಲ್ಲಿ ಸುಮಾರು 300 ಟೊಮೆಟೊ ಬೀಜಗಳಿರುತ್ತವೆ. ಆ ಒಂದು ಗ್ರಾಮಿನ ಅಂಗಡಿ ಬೆಲೆಯಲ್ಲಿ ಕ್ರಾಸಿಂಗ್ ಮಾಡಿದ ಕೈಗಳಿಗೆ ಸಂದ ಪಾಲೆಷ್ಟು ಎಂಬ ಪ್ರಶ್ನೆಯನ್ನು ಈ ಜಿಲ್ಲೆ ಗಟ್ಟಿಯಾಗಿ ಕೇಳಲೇಬೇಕು. ಹತ್ತಿ ಬೀಜೋತ್ಪಾದನೆಯಲ್ಲಿ ಮಕ್ಕಳ ದುಡಿಮೆಯೂ ಸೇರಿಕೊಂಡದ್ದನ್ನು ಅಧ್ಯಯನಗಳು ದಾಖಲಿಸಿವೆ, ಅಂಥ ಬೀಜಕ್ಕೆ ಯಾವ ಸಮರ್ಥನೆಯೂ ಇಲ್ಲ.

ಸಂಶೋಧನೆಯಿಂದ ಮಾರುಕಟ್ಟೆಯವರೆಗಿನ ಪಯಣ ಎಷ್ಟು ದೀರ್ಘವೆಂಬುದಕ್ಕೆ ಬಿಟಿ ಹತ್ತಿಯೇ ಸಾಕ್ಷಿ. ಮಣ್ಣಿನ ಬ್ಯಾಕ್ಟೀರಿಯಾವೊಂದರ ವಂಶವಾಹಿಯನ್ನು ಸೇರಿಸಿದ ಈ ಹತ್ತಿಯ ಪ್ರಾಯೋಗಿಕ ತಾಕುಗಳನ್ನು 1998ರಲ್ಲಿ ಎಂ.ಡಿ. ನಂಜುಂಡಸ್ವಾಮಿ ಅವರ ನಾಯಕತ್ವದ ರೈತ ಸಂಘ ರಾಯಚೂರು, ಬಳ್ಳಾರಿ ಸೀಮೆಯಲ್ಲಿ ಸುಟ್ಟುಹಾಕಿತ್ತು. ಕೇಂದ್ರದ ಅನುಮತಿ ದೊರೆತದ್ದು 2002ರ ಮಾರ್ಚಿನಲ್ಲಿ. ವಂಶವಾಹಿಯ ಬಳಕೆಗಾಗಿ ಬೀಜ ಕಂಪನಿಗಳು ತೆರುತ್ತಿದ್ದ ಸ್ವಾಮ್ಯ ಶುಲ್ಕ 2016ರಲ್ಲಿ 450 ಗ್ರಾಮಿನ ಪೊಟ್ಟಣಕ್ಕೆ 49 ರೂಪಾಯಿಗೆ ಇಳಿದು, 2018ರಲ್ಲಿ 39, 2019ರಲ್ಲಿ 20 ಆಗಿ, 2020ರಲ್ಲಿ ಶೂನ್ಯವಾಯಿತು. ಧಾರವಾಡ ಕೃಷಿ ವಿಶ್ವವಿದ್ಯಾಲಯವೂ ಪಾಲುದಾರವಾಗಿದ್ದ ಬಿಟಿ ಬದನೆಗೆ 2009ರ ಅಕ್ಟೋಬರಿನಲ್ಲಿ ತಜ್ಞ ಸಮಿತಿಯ ಒಪ್ಪಿಗೆ ಸಿಕ್ಕಿದ್ದರೂ, 2010ರ ಫೆಬ್ರವರಿ 9ರಂದು ಅದಕ್ಕೆ ತಡೆ ಬಿತ್ತು. ಪೇಟೆಂಟು, ಪರವಾನಗಿ, ಬೆಲೆ ನಿಯಂತ್ರಣ, ಜನಸಮ್ಮತಿ ಇವೆಲ್ಲ ವಿಜ್ಞಾನದಷ್ಟೇ ಗಂಭೀರವಾದ ಪಾಠಗಳು.

ಇದೇ ಕೊಪ್ಪಳ ಜಿಲ್ಲೆಯ ಗಂಗಾವತಿಯ ಉದಾಹರಣೆ ಬೇರೆ ಬಗೆಯದು. ಅಲ್ಲಿನ ಕೃಷಿ ಸಂಶೋಧನಾ ಕೇಂದ್ರ ರೂಪಿಸಿದ 'ಗಂಗಾವತಿ ಸೋನಾ' ಭತ್ತದ ತಳಿ ಸಾರ್ವಜನಿಕ ಹಣದ ಫಲ. ಇದು ಹೈಬ್ರಿಡ್ ಅಲ್ಲದ್ದರಿಂದ ಮತ್ತು ಭತ್ತದಲ್ಲಿ ಬಹುಮಟ್ಟಿಗೆ ಸ್ವಪರಾಗಸ್ಪರ್ಶವೇ ನಡೆಯುವುದರಿಂದ ರೈತ ತನ್ನ ಬೆಳೆಯಿಂದಲೇ ಬೀಜ ಎತ್ತಿಡಬಲ್ಲ. ಹೀಗಾಗಿ ಲಾಭದ ಸ್ಥಾನ ಬೀಜದಿಂದ ಅಕ್ಕಿ ಗಿರಣಿಯತ್ತ ಸರಿಯುತ್ತದೆ. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯ್ದೆಯೂ ನೋಂದಾಯಿತ ತಳಿಯ ಬೀಜವನ್ನು ಉಳಿಸುವ, ವಿನಿಮಯ ಮಾಡುವ, ಬ್ರ್ಯಾಂಡ್ ಹೆಸರಿಲ್ಲದೆ ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿದೆ.

ಮೂರನೆಯ ದಾರಿಯೊಂದು ತೆರೆದೇ ಇದೆ, ಈ ಜಿಲ್ಲೆಗೆ ಹೆಚ್ಚು ಉಪಯುಕ್ತವೂ ಅದೇ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಎಲೆ ಮುರುಟು ಸೇರಿದಂತೆ ಮೂರು ರೋಗಗಳನ್ನು ತಡೆಯುವ 'ಅರ್ಕಾ ರಕ್ಷಕ್' ಟೊಮೆಟೊವಿನಂಥ ತನ್ನ ಹೈಬ್ರಿಡ್‌ಗಳ ಬೀಜೋತ್ಪಾದನೆಗೆ ಶುಲ್ಕ ಪಡೆದು ಪರವಾನಗಿ ನೀಡುತ್ತದೆ. ಕ್ರಾಸಿಂಗ್‌ನ ಕೈಚಳಕ ಈಗಾಗಲೇ ಇರುವ ಕುಷ್ಟಗಿ, ಯಲಬುರ್ಗಾದ ಬೆಳೆಗಾರರು ಉತ್ಪಾದಕರ ಕಂಪನಿ ಕಟ್ಟಿಕೊಂಡು ಅಂಥ ಪರವಾನಗಿ ಪಡೆದರೆ, ಪರೀಕ್ಷೆ, ಪೊಟ್ಟಣ, ಮಾರಾಟಗಳ ಲಾಭವೂ ಊರಿನಲ್ಲಿಯೇ ಉಳಿದೀತು. ಇದಕ್ಕೆ ಬೇಕಾದ ಕರಾರು ಓದುವ, ವೆಚ್ಚ ಲೆಕ್ಕ ಹಾಕುವ, ತಳಿ ನೋಂದಾಯಿಸುವ ಶಿಕ್ಷಣವನ್ನು ರಾಯಚೂರು ಕೃಷಿ ವಿಶ್ವವಿದ್ಯಾಲಯ ಕನ್ನಡದಲ್ಲಿ ಕೊಡಬೇಕು. ಅಲ್ಲಿಯವರೆಗೆ ಬೆಳೆಗಾರರು ಮುಂದಿನ ಹಂಗಾಮಿನ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ, ಪರೀಕ್ಷೆ ಎಲ್ಲಿ ನಡೆಯುತ್ತದೆ, ಹಣ ಯಾವ ದಿನ ಕೈಸೇರುತ್ತದೆ, ನಷ್ಟವನ್ನು ಯಾರು ಹೊರುತ್ತಾರೆ ಎಂಬುದನ್ನು ಕನ್ನಡದಲ್ಲಿ ಬರೆಸಿಕೊಂಡು ಒಂದು ಪ್ರತಿಯನ್ನು ತಮ್ಮ ಬಳಿ ಇಟ್ಟುಕೊಳ್ಳಲಿ.