ಚಿಕ್ಕಜಾಲ: ಪೋರ್ಚುಗೀಸ್ ಕಲಿಯೋಕೆ ಗೋವಾನಾ, ದೆಹಲಿನಾ, ಬ್ರೆಜಿಲ್ಲಾ?

ಚಿಕ್ಕಜಾಲ: ನಮ್ಮ ತಲೆ ಮೇಲೆ ದಿನಾ ಹಾರುವ ವಿಮಾನಗಳಲ್ಲಿ ಕೆಲವು ಬ್ರೆಜಿಲ್‌ನಲ್ಲಿ ತಯಾರಾದವು. 2019ರಲ್ಲಿ ಬೆಂಗಳೂರು-ಹುಬ್ಬಳ್ಳಿ ಹಾರಾಟದಿಂದ ಶುರುವಾದ ಸ್ಟಾರ್ ಏರ್ ಬಳಸೋದು ಆ ದೇಶದ ಎಂಬ್ರೇಯರ್ ವಿಮಾನಗಳನ್ನೇ. ಯಲಹಂಕದ ಏರ್ ಶೋನಲ್ಲಿ ಜನ ನೋಡಿರುವ ಡಿಆರ್‌ಡಿಒದ 'ನೇತ್ರ' ಕೂಡ ಎಂಬ್ರೇಯರ್ ವಿಮಾನದ ಮೇಲೆ ಕೂರಿಸಿದ್ದು. ಆ ದೇಶದ ಭಾಷೆ ಮಾತ್ರ ಬ್ರೆಜಿಲಿಯನ್ ಅಲ್ಲ, ಪೋರ್ಚುಗೀಸ್. 20 ಕೋಟಿಗೂ ಹೆಚ್ಚು ಜನರ ದೇಶ ಅದು.

ಈ ಭಾಷೆ ನಮಗೆ ತೀರಾ ಹೊಸದೇನೂ ಅಲ್ಲ. ಅಂಗಡಿಯ ಅಲಮಾರು, ಹುಬ್ಬಳ್ಳಿ ಕಡೆಯವರ ಚಾವಿ, ಪಗಾರ, ತಳ್ಳುಗಾಡಿಯ ಅನಾನಸ್, ಎಲ್ಲಾ ಪೋರ್ಚುಗೀಸರ ಬಾಯಿಂದ ಬಂದ ಪದಗಳು. ಗೇರು ಗಿಡವನ್ನೂ ಅವರೇ ಬ್ರೆಜಿಲ್‌ನಿಂದ ತಂದರು. ಅಲ್ಲಿಗೆ ನಮ್ಮ ಕಡೆಯಿಂದ ಹೋಗಿದ್ದು ದನ: ಬ್ರೆಜಿಲ್‌ನ 'ನೆಲೋರ್' ತಳಿಯ ಮೂಲ ಆಂಧ್ರದ ಓಂಗೋಲ್ ಹಸು.

ಓದೋದು ಎಲ್ಲಿ? ಹತ್ತಿರದ್ದು ಗೋವಾ ವಿಶ್ವವಿದ್ಯಾಲಯ. 1510ರಿಂದ 1961ರವರೆಗೆ ಗೋವಾ ಪೋರ್ಚುಗೀಸರ ಕೈಯಲ್ಲಿತ್ತಲ್ಲ, ಹಾಗಾಗಿ ಅಲ್ಲಿ ಪೋರ್ಚುಗೀಸ್‌ನಲ್ಲೇ ಎಂ.ಎ. ಇದೆ. ಏನೂ ಬಾರದೆ ನೇರ ಎಂ.ಎ.ಗೆ ಹೋದ್ರೆ ಕಷ್ಟ. ಮೊದಲು ಬುನಾದಿ ಹಾಕ್ಕೊಳ್ಳೋಕೆ ಪಣಜಿಯಲ್ಲಿ ಪೋರ್ಚುಗಲ್ ಸರ್ಕಾರದ ಕಮೋಯಿಶ್ ಭಾಷಾ ಕೇಂದ್ರ ಇದೆ. ದೆಹಲಿ ವಿಶ್ವವಿದ್ಯಾಲಯದಲ್ಲಿ ಸರ್ಟಿಫಿಕೇಟ್, ಡಿಪ್ಲೊಮಾ ಹೀಗೆ ಹಂತ ಹಂತವಾಗಿ ಕಲಿಸ್ತಾರೆ. ಜೆಎನ್‌ಯುನಲ್ಲಿ ಸ್ಪ್ಯಾನಿಷ್, ಪೋರ್ಚುಗೀಸ್, ಲ್ಯಾಟಿನ್ ಅಮೆರಿಕ ಅಧ್ಯಯನಕ್ಕೆ ಬೇರೆ ಕೇಂದ್ರವೇ ಇದೆ; ಬ್ರೆಜಿಲ್‌ನ ಸಾಹಿತ್ಯ, ಸಂಸ್ಕೃತಿ ಕಡೆ ಒಲವಿದ್ದವರು ಅದನ್ನ ನೋಡಬಹುದು. ಸ್ಪ್ಯಾನಿಷ್ ಬಂದವರಿಗೆ ಪೋರ್ಚುಗೀಸ್ ಓದೋದು ಅರ್ಧ ಬಂದ ಹಾಗೆಯೇ.

ಒಂದು ವಿಷಯ ಮೊದಲೇ ಕೇಳಿಕೊಳ್ಳಿ: ಕಲಿಸೋದು ಪೋರ್ಚುಗಲ್‌ನ ಮಾತಾ, ಬ್ರೆಜಿಲ್‌ನ ಮಾತಾ? ವ್ಯಾಕರಣ ಹೆಚ್ಚುಕಡಿಮೆ ಒಂದೇ, ಆದ್ರೆ ಉಚ್ಚಾರ, ದಿನಬಳಕೆ ಪದ ಬೇರೆ. ಬಸ್ಸಿಗೆ ಲಿಸ್ಬನ್‌ನಲ್ಲಿ 'ಔಟೊಕಾರು', ಬ್ರೆಜಿಲ್‌ನಲ್ಲಿ 'ಓನಿಬುಸ್'. ಮೈಸೂರು ಕನ್ನಡ, ಧಾರವಾಡ ಕನ್ನಡದ ಹಾಗೆ ಅಂದುಕೊಳ್ಳಿ.

ಬ್ರೆಜಿಲ್‌ಗೇ ಹೋಗಿ ಓದುವ ದಾರಿಯೂ ಇದೆ. ಅಲ್ಲಿನ ಫೆಡರಲ್ ವಿಶ್ವವಿದ್ಯಾಲಯಗಳಲ್ಲಿ ಡಿಗ್ರಿಗೆ ಬೋಧನಾ ಶುಲ್ಕ ಇಲ್ಲ. ಅಭಿವೃದ್ಧಿಶೀಲ ದೇಶಗಳ ವಿದ್ಯಾರ್ಥಿಗಳಿಗೆ ಪಿಇಸಿ-ಜಿ ಅನ್ನೋ ಸರ್ಕಾರಿ ಯೋಜನೆ 1960ರ ದಶಕದಿಂದಲೂ ನಡೀತಿದೆ. ಶುಲ್ಕ ಇಲ್ಲ ಅಂದ್ರೆ ಖರ್ಚೇ ಇಲ್ಲ ಅಂತಲ್ಲ: ವಿಮಾನ ಟಿಕೆಟ್, ಊಟ, ಬಾಡಿಗೆ ಮನೆಯವರ ತಲೆ ಮೇಲೆ. ಸೀಟು ಕೊಡಿಸ್ತೀವಿ ಅಂತ ಯಾರಾದ್ರೂ ಅಡ್ವಾನ್ಸ್ ಕೇಳಿದ್ರೆ, ದುಡ್ಡು ಕೊಡೋಕೆ ಮುಂಚೆ ದೆಹಲಿಯ ಬ್ರೆಜಿಲ್ ರಾಯಭಾರ ಕಚೇರಿಗೆ ಒಂದು ಮೇಲ್ ಹಾಕಿ ಕೇಳಿ.

ಭಾಷೆ ಬರುತ್ತೆ ಅಂತ ತೋರಿಸೋಕೆ ಬ್ರೆಜಿಲ್ ಸರ್ಕಾರದ 'ಸೆಲ್ಪೆ-ಬ್ರಾಸ್' ಪರೀಕ್ಷೆ ಇದೆ. ವ್ಯಾಕರಣ ಬಾಯಿಪಾಠ ಮಾಡಿದ್ರೆ ಇಲ್ಲಿ ನಡೆಯಲ್ಲ. ವಿಡಿಯೊ ನೋಡಿ, ಆಡಿಯೊ ಕೇಳಿ, ಅದರ ಆಧಾರದಲ್ಲಿ ಪತ್ರ, ಲೇಖನ ಬರೀಬೇಕು; ಆಮೇಲೆ ಸುಮಾರು 20 ನಿಮಿಷ ಮಾತಾಡಬೇಕು. ಫಲಿತಾಂಶಕ್ಕೆ ನಾಲ್ಕು ಹಂತ, ಮಧ್ಯಮದಿಂದ ಉನ್ನತದವರೆಗೆ.

ಇನ್ನು ಕೆಲಸದ ಮಾತು. ಬರೀ ಪೋರ್ಚುಗೀಸ್ ನಂಬಿಕೊಂಡು ಬಿ.ಕಾಂ ಬಿಡೋದು ಬೇಡ. ಅಕೌಂಟ್ಸ್, ಲಾಜಿಸ್ಟಿಕ್ಸ್ ಅಥವಾ ಸಾಫ್ಟ್‌ವೇರ್ ಕೈಯಲ್ಲಿದ್ದವರಿಗೆ ಈ ಭಾಷೆ ಮೇಲಿನ ಬೆಲೆ ಕೊಡುತ್ತೆ. ಡಿಗ್ರಿ ಮೊದಲ ವರ್ಷದಲ್ಲಿರೋರು ಮನೆಯಲ್ಲೇ ಆನ್‌ಲೈನ್‌ನಲ್ಲಿ ಆರು ತಿಂಗಳು ಕಲಿತು ನೋಡಿ, ರುಚಿ ಹತ್ತಿದ್ರೆ ಗೋವಾ ಬಸ್ಸು ಹತ್ತಬಹುದು.